ಮೆಷಿನ್ ಮುಟ್ಟಿದರೆ ‘ಜುಂ’ ಅನ್ನುತ್ತಾ?

ಬಟ್ಟೆ ತೆಗೆಯಲೆಂದು ವಾಷಿಂಗ್ ಮೆಷಿನ್ ಮುಟ್ಟುತ್ತೀರಿ. ಬೆರಳ ತುದಿಗೆ ‘ಜುಂ’ ಅನ್ನುತ್ತದೆ. ‘ಅಯ್ಯೋ, ಅದು ಯಾವಾಗ್ಲೂ ಹಾಗೇ, ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ’ ಎಂದು ಸುಮ್ಮನಾಗುತ್ತೀರಾ? ಬೇಡ. ಮನೆಯ ಅರ್ಥಿಂಗ್ ಕೈಕೊಟ್ಟಿರಬಹುದು ಎಂಬುದಕ್ಕೆ ಅದೇ ಮೊದಲ ಎಚ್ಚರಿಕೆ. ಇವತ್ತು ‘ಜುಂ’ ಅಂದಿದ್ದು ನಾಳೆ ಒದ್ದೆ ಕೈಯಲ್ಲಿ ಮುಟ್ಟಿದ ಮಗುವಿನ ಜೀವಕ್ಕೇ ಕುತ್ತಾಗಬಹುದು.

ಬೀದಿ ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ನೋಡಿರುತ್ತೀರಿ. ಅದರಿಂದ ಲೋಹದ ಪಟ್ಟಿಯೋ ತಂತಿಯೋ ಇಳಿದು ನೆಲದೊಳಗೆ ಹೋಗಿರುತ್ತದೆ. ಅದರ ನ್ಯೂಟ್ರಲ್ ಅನ್ನು ಹೀಗೆ ಭೂಮಿಗೆ ಜೋಡಿಸಿರುತ್ತಾರೆ. ಹಾಗಾಗಿ ನಮ್ಮ ಮನೆಯ 230 ವೋಲ್ಟ್ ಕರೆಂಟು ಎಲ್ಲಾದರೂ ಸೋರಿದರೆ ನೆಲದ ಮೂಲಕ ಅಲ್ಲಿಗೇ ಹಿಂತಿರುಗಲು ದಾರಿ ಹುಡುಕುತ್ತದೆ. ಅರ್ಥ್ ವೈರ್ ಸರಿಯಾಗಿದ್ದರೆ ಅದೇ ಸುಲಭದ ದಾರಿ. ಇಲ್ಲದಿದ್ದರೆ, ಬರಿಗಾಲಲ್ಲಿ ನಿಂತು ಮೆಷಿನ್ ಮುಟ್ಟಿದ ನೀವೇ ದಾರಿ!

ಇಷ್ಟು ನೆನಪಿರಲಿ:

* ‘ಜುಂ’ ಎಂದ ಕೂಡಲೇ ಸ್ವಿಚ್ ಆಫ್ ಮಾಡಿ. ಎಲೆಕ್ಟ್ರಿಷಿಯನ್ ನೋಡುವವರೆಗೆ ಬಳಸಬೇಡಿ.

* ತ್ರೀ ಪಿನ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ನೇ ಅರ್ಥ್. ಮೊದಲು ಕೂಡಿಕೊಂಡು ಕೊನೆಗೆ ಬಿಡಲಿ ಎಂದೇ ಅದು ಉದ್ದವಾಗಿರುತ್ತದೆ. ಅದನ್ನು ಕಿತ್ತು ಟೂ ಪಿನ್ ಸಾಕೆಟ್ಟಿಗೆ ತುರುಕಬೇಡಿ.

* ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಒಳಗೆ ಹಸಿರು ವೈರ್ ಇದೆಯೇ, ಅದು ಅರ್ಥ್ ಗುಂಡಿಯವರೆಗೆ ಕೂಡಿದೆಯೇ ಎಂದು ಪರೀಕ್ಷೆ ಮಾಡಿಸಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಧೈರ್ಯವಾಗಿ ಕೇಳಿ.

* ಅರ್ಥ್ ವೈರನ್ನು ನಲ್ಲಿ ಪೈಪಿಗೆ ಕಟ್ಟಿಸಬೇಡಿ.

* ಮಣ್ಣು ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿ.

* ಎಂಸಿಬಿ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಅದು ಮುಖ್ಯವಾಗಿ ವೈರಿಂಗನ್ನು ಕಾಯುತ್ತದೆ. ಮನುಷ್ಯರನ್ನು ಕಾಯಲು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ, ಕರೆಂಟು ಹೋಗಬೇಕು.

* ಸ್ನಾನಕ್ಕೆ ಇಳಿಯುವ ಮೊದಲು ಗೀಸರ್ ಆಫ್ ಮಾಡಿ.

* ಯಾರಿಗಾದರೂ ಶಾಕ್ ಹೊಡೆಯುತ್ತಿದ್ದರೆ ಗಾಬರಿಯಲ್ಲಿ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ.

* ಬೀದಿಯ ಟ್ರಾನ್ಸ್‌ಫಾರ್ಮರ್ ಸುತ್ತ, ಅದರಲ್ಲೂ ಮಳೆ ಬಂದಾಗ, ಮಕ್ಕಳನ್ನು ಬಿಡಬೇಡಿ. ತಂತಿ ತುಂಡಾಗಿದ್ದು ಕಂಡರೆ ದೂರ ನಿಂತು 1912ಕ್ಕೆ ಫೋನ್ ಮಾಡಿ.

ಹೊಸ ಮಿಕ್ಸಿ ಕೊಂಡಾಗ ನಾಲ್ಕು ಅಂಗಡಿ ಸುತ್ತುತ್ತೇವೆ. ಕಣ್ಣಿಗೆ ಕಾಣದ ಒಂದು ಹಸಿರು ವೈರಿಗಾಗಿ ಅರ್ಧ ದಿನ ಎತ್ತಿಡೋದು ಕಷ್ಟವೇ?