ತೊಗರಿಗೆ ಸುಂಕದ ಬೇಲಿ

ಯಾದಗಿರಿ ಸೀಮೆಯ ಅಬ್ಬೆತುಮಕೂರಿನಂತಹ ಹಳ್ಳಿಗಳಲ್ಲಿ ಮುಂಗಾರಿಗೆ ಬಿತ್ತಿದ ತೊಗರಿಯು ಪುಷ್ಯಮಾಸದ ಸುಮಾರಿಗೆ ರಾಶಿಯಾಗಿ ಪೇಟೆಗೆ ಬರುವುದು. ಆ ವೇಳೆಗೆ ಮೊಜಾಂಬಿಕ್, ಬರ್ಮಾ ದೇಶಗಳ ತೊಗರಿಯು ಸುಂಕವಿಲ್ಲದೆ ಬಂದು ವ್ಯಾಪಾರಿಯ ಉಗ್ರಾಣವನ್ನು ತುಂಬಿದ್ದರೆ ನಮ್ಮ ರೈತನ ಮಾಲಿಗೆ ಬೆಲೆಯೆಲ್ಲಿಯದು?

ಕೇಂದ್ರ ಸರಕಾರವು 2021ರ ಮೇ ತಿಂಗಳಿನಲ್ಲಿ ತೊಗರಿಯ ಆಮದಿಗಿದ್ದ ನಿರ್ಬಂಧವನ್ನು ತೆಗೆಯಿತು. 2023ರ ಮಾರ್ಚಿನಲ್ಲಿ ಇಡಿ ತೊಗರಿಯ ಮೇಲಣ ಶೇಕಡಾ 10ರ ಸುಂಕವನ್ನೂ ಮನ್ನಾ ಮಾಡಿತು. ಬೇಳೆಯ ಬೆಲೆಯೇರಿ ಪಟ್ಟಣದ ಬಡವನು ಬಳಲಬಾರದೆಂಬ ಉದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2025-26ನೆಯ ಸಾಲಿಗೆ ಕ್ವಿಂಟಾಲಿಗೆ 8,000 ರೂಪಾಯಿಗಳ ಬೆಂಬಲ ಬೆಲೆಯನ್ನು ಸಾರಿದ ಸರಕಾರವೇ ಅದಕ್ಕಿಂತ ಅಗ್ಗದ ಪರದೇಶದ ಮಾಲಿಗೆ ಬಾಗಿಲನ್ನು ತೆರೆದಿಟ್ಟರೆ ಆ ಬೆಲೆಯು ಕಾಗದದ ಮೇಲಷ್ಟೇ ಉಳಿಯುವುದು.

ನಷ್ಟಕ್ಕೀಡಾದ ರೈತನು ಮರುವರ್ಷ ತೊಗರಿಯನ್ನು ಬಿಟ್ಟು ಬೇರೆ ಬೆಳೆಗೆ ತಿರುಗುವನು. ಬಳಿಕ ಪಟ್ಟಣಿಗನು ಬೇಳೆಗಾಗಿ ಪರದೇಶದವರು ಹೇಳಿದ ಬೆಲೆಯನ್ನೇ ತೆರಬೇಕಾಗುವುದು. ಸುಂಕವು ಶಾಶ್ವತವಾದ ಕೋಟೆಗೋಡೆಯಾಗಬೇಕೆಂದು ನಾವು ಹೇಳುವುದಿಲ್ಲ. ಪೈರಿರುವಾಗ ಹೊಲಕ್ಕೆ ಹಾಕುವ ಬೇಲಿಯಂತಿದ್ದರೆ ಸಾಕು. ಪೇಟೆಯ ಧಾರಣೆಯು ಬೆಂಬಲ ಬೆಲೆಗಿಂತ ಇಳಿದಾಗ ಸುಂಕವು ಏರಲಿ, ಧಾರಣೆಯು ಮಿತಿಮೀರಿ ಏರಿದಾಗ ಸುಂಕವು ಇಳಿಯಲಿ. ಈ ನಿಯಮವನ್ನು ಬಿತ್ತನೆಗೆ ಮೊದಲೇ ಸಾರಿದರೆ ರೈತನೂ ವ್ಯಾಪಾರಿಯೂ ತಮ್ಮ ಲೆಕ್ಕವನ್ನು ತಾವು ಹಾಕಿಕೊಳ್ಳಬಲ್ಲರು.