ತಾಮ್ರದ ಅಲಗು

ಅಟ್ಟದ ಮೇಲಿರುವ ಹಳೆಯ ತಾಮ್ರದ ತಂಬಿಗೆಯನ್ನು ಕೈಗೆತ್ತಿಕೊಂಡು ನೋಡಿ. ಮೈಮೇಲೆ ಒಂದೆರಡಾದರೂ ನಗ್ಗು ಕಂಡೇ ಕಾಣುತ್ತದೆ. ಕೈಜಾರಿ ಬಿದ್ದರೆ ನಗ್ಗುವ ಇಂಥ ಮೆದು ಲೋಹದಿಂದ ಚೂರಿ ಮಾಡಬಹುದೆಂದರೆ ನಗು ಬರುವುದು ಸಹಜ. ಆದರೆ ಮನುಷ್ಯ ಲೋಹದಲ್ಲಿ ರೂಪಿಸಿದ ಮೊದಲ ಅಲಗುಗಳು ತಾಮ್ರದವೇ.

ಇದು ಹೇಗೆ ಸಾಧ್ಯವಾಯಿತು? ಕಮ್ಮಾರ ಉಕ್ಕಿನ ಮಚ್ಚನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಗಡುಸಾಗುತ್ತದೆ. ತಾಮ್ರಕ್ಕೆ ಅದೇ ಉಪಚಾರ ಮಾಡಿದರೆ ಅದು ಇನ್ನಷ್ಟು ಮೆತ್ತಗಾಗುತ್ತದೆ! ತಾಮ್ರಕ್ಕೆ ಬೇಕಾದದ್ದು ಪೆಟ್ಟು. ತಣ್ಣಗಿರುವಾಗಲೇ ಸುತ್ತಿಗೆಯಿಂದ ಬಡಿದರೆ ಅದರೊಳಗಿನ ಹರಳುಗಳು ಸೊಟ್ಟಗಾಗಿ, ಪದರಗಳು ಮೊದಲಿನಂತೆ ಸುಲಭವಾಗಿ ಜಾರಲಾರವು. ಹೀಗೆ ಬಡಿದ ತಾಮ್ರದ ಗಡಸುತನ, ಕಾಯಿಸಿ ಮೆದುಗೊಳಿಸಿದ ತಾಮ್ರದ ಸುಮಾರು ಎರಡು ಪಟ್ಟು. ಅತಿಯಾಗಿ ಬಡಿದರೆ ಬಿರುಕು ಬಿಡುತ್ತದೆ. ಆಗ ಮತ್ತೆ ಕಾಯಿಸಿ ಮೆದುಮಾಡಿಕೊಳ್ಳಬೇಕು. ಹಂಡೆ, ಕೊಡ ಬಡಿಯುವವರು ಮಾಡುವುದೂ ಇದನ್ನೇ. ಚೂರಿಗಾದರೆ ಅಂಚಿನ ಕೊನೆಯ ಕೆಲಸ ಬಡಿತವೇ ಆಗಿರಬೇಕು, ಅಷ್ಟೆ. ತಾಮ್ರವನ್ನು ಉಕ್ಕಿನಷ್ಟು ಗಡುಸು ಮಾಡುವ ವಿದ್ಯೆ ಪ್ರಾಚೀನರಿಗೆ ಗೊತ್ತಿತ್ತು, ಅದು ಕಳೆದುಹೋಯಿತು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅಂಥ ಗುಟ್ಟೇನೂ ಇರಲಿಲ್ಲ.

ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಸುತ್ತ ತಾಮ್ರ ಲೋಹರೂಪದಲ್ಲೇ ದೊರೆಯುತ್ತದೆ. ಅಲ್ಲಿನ ಮೂಲನಿವಾಸಿಗಳು 6,000 ವರ್ಷಗಳಿಗೂ ಹಿಂದೆ ಅದನ್ನು ಕರಗಿಸದೆ, ಬರೀ ಬಡಿದೂ ಕಾಯಿಸಿಯೂ ಚೂರಿ, ಈಟಿಮೊನೆಗಳನ್ನು ಮಾಡಿದರು. ವಿಚಿತ್ರವೆಂದರೆ ಕಾಲಾಂತರದಲ್ಲಿ ಅವರೇ ತಾಮ್ರವನ್ನು ಹೆಚ್ಚಾಗಿ ಮಣಿ, ಆಭರಣಗಳಿಗೆ ಮೀಸಲಿಟ್ಟು, ಕೊಯ್ಯುವ ಕೆಲಸಕ್ಕೆ ಕಲ್ಲಿನತ್ತ ಮರಳಿದರು.

ಕಲ್ಲನ್ನು ಹಗುರವಾಗಿ ಕಾಣುವವರು ಆಲ್ಪ್ಸ್ ಪರ್ವತದ 'ಹಿಮಮಾನವ'ನನ್ನು ನೆನೆಯಬೇಕು. 1991ರಲ್ಲಿ ಇಟಲಿ-ಆಸ್ಟ್ರಿಯಾ ಗಡಿಯ ಹಿಮದಲ್ಲಿ ದೊರೆತ ಓಟ್ಜಿ ಎಂಬ ಈ ವ್ಯಕ್ತಿ ಬದುಕಿದ್ದುದು ಸುಮಾರು 5,300 ವರ್ಷಗಳ ಹಿಂದೆ. ಅವನ ಬಳಿಯಿದ್ದ ಕೊಡಲಿಯ ಅಲಗು ಬಹುತೇಕ ಶುದ್ಧ ತಾಮ್ರ. ಆದರೆ ಸೊಂಟದ ಚೂರಿ ಚಕಮಕಿ ಕಲ್ಲಿನದು! ಒಂದೇ ಕೈ ಎರಡನ್ನೂ ಬಳಸುತ್ತಿತ್ತು ಎಂಬುದು ಅರ್ಥಪೂರ್ಣ. ಮರಕ್ಕೆ ಬೀಸಿದರೆ ಕಲ್ಲು ಚೂರಾದೀತು. ತಾಮ್ರ ಹೆಚ್ಚೆಂದರೆ ಮಣಿಯುತ್ತದೆ, ಮತ್ತೆ ಬಡಿದು ಮಸೆದರೆ ಸರಿಹೋಗುತ್ತದೆ. ಚರ್ಮ, ಮಾಂಸ ಕೊಯ್ಯಲಾದರೋ ಒಡೆದ ಕಲ್ಲಿನ ಹರಿತವನ್ನು ತಾಮ್ರ ಮೀರಿಸದು. ಇದ್ದರೂ ಆ ಹರಿತ ಬಹಳ ಹೊತ್ತು ನಿಲ್ಲದು.

ನಮ್ಮ ನೆಲದ ಕಥೆಯೂ ಹೆಚ್ಚು ಭಿನ್ನವಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ನಯಗೊಳಿಸಿದ ಕಲ್ಲಿನ ಕೊಡಲಿಗಳ ಜೊತೆಗೆ ತಾಮ್ರ-ಕಂಚಿನ ವಸ್ತುಗಳೂ ದೊರೆತವು, ಆದರೆ ಬೆರಳೆಣಿಕೆಯಷ್ಟು. ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ ತಾಮ್ರದ ಕತ್ತಿಗಳೇ ಸಿಕ್ಕಿವೆ. ಮುಂದೆ ತಾಮ್ರಕ್ಕೆ ಹತ್ತರಲ್ಲೊಂದು ಪಾಲಿನಷ್ಟು ತವರ ಬೆರೆಸಿ ಮಾಡಿದ ಕಂಚು, ಬಡಿದಾಗ ಮೆದು ಕಬ್ಬಿಣಕ್ಕಿಂತಲೂ ಗಡುಸಾಗುತ್ತಿತ್ತು. ಆದರೂ ಕಬ್ಬಿಣ ಗೆದ್ದಿತು. ತವರ ಎಲ್ಲೆಡೆ ಸಿಗುತ್ತಿರಲಿಲ್ಲ, ಕಬ್ಬಿಣದ ಅದಿರಿಗೆ ಬರವಿರಲಿಲ್ಲ.

ಹಾಗಾದರೆ ತಾಮ್ರದ ಅಲಗಿನ ಕಾಲ ಮುಗಿಯಿತೇ? ಇಲ್ಲ. ಉಕ್ಕು ಕಲ್ಲಿಗೋ ಇನ್ನೊಂದು ಉಕ್ಕಿಗೋ ತಾಗಿದರೆ ಕಿಡಿ ಹಾರುತ್ತದೆ. ಅಡಿಗೆಮನೆಯಲ್ಲಿ ಅದರಿಂದ ನಷ್ಟವಿಲ್ಲ. ಮದ್ದಿನ ಕಾರ್ಖಾನೆಯಲ್ಲಿ ಅದೇ ಪ್ರಾಣಕ್ಕೆ ಸಂಚಕಾರ. ಅದಕ್ಕಾಗಿಯೇ ಹಿಂದಿನ ಕೋವಿಮದ್ದಿನ ಗಿರಣಿಗಳಲ್ಲಿ ತಾಮ್ರದ ಮತ್ತು ಮರದ ಉಪಕರಣಗಳನ್ನು ಬಳಸುತ್ತಿದ್ದರು. ಇಂದು ಸ್ಫೋಟಕಗಳ ಕೆಲಸಕ್ಕೆ, ತೈಲ ಶುದ್ಧೀಕರಣಾಗಾರಗಳಿಗೆ ತಾಮ್ರದ ಮಿಶ್ರಲೋಹಗಳ ಚೂರಿ, ಸುತ್ತಿಗೆಗಳು ತಯಾರಾಗುತ್ತವೆ. ನೂರಕ್ಕೆ ಸುಮಾರು ಎರಡು ಪಾಲು ಬೆರಿಲಿಯಂ ಸೇರಿಸಿದ ತಾಮ್ರವನ್ನು ತಕ್ಕ ಹದದಲ್ಲಿ ಕಾಯಿಸಿದರೆ ಅದು ಅನೇಕ ಬಗೆಯ ಉಕ್ಕಿಗೆ ಸಾಟಿಯಾಗುವಷ್ಟು ಗಡುಸಾಗುತ್ತದೆ. ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಕಾಂತೀಯ ಸಿಡಿಮದ್ದುಗಳನ್ನು ನಿಷ್ಕ್ರಿಯಗೊಳಿಸುವವರಿಗೂ ಇದು ಬೇಕು.

ಆದರೆ ಈ ಚೂರಿಯನ್ನು ಮನೆ ಬಾಗಿಲಿಗೆ ಬರುವ ಸಾಣೆಯವನಿಗೆ ಕೊಡುವಂತಿಲ್ಲ. ಮಸೆಯುವಾಗ ಏಳುವ ಬೆರಿಲಿಯಂ ಧೂಳು ಉಸಿರಿನೊಂದಿಗೆ ಒಳಹೊಕ್ಕರೆ ಶ್ವಾಸಕೋಶದ ವಾಸಿಯಾಗದ ಕಾಯಿಲೆಗೆ ಕಾರಣವಾಗಬಹುದು. ಆದ್ದರಿಂದ ಅದಕ್ಕೆ ಸಾಣೆ ಹಿಡಿಯುವ ಕೆಲಸ ಧೂಳನ್ನು ಹೀರಿಕೊಳ್ಳುವ ವ್ಯವಸ್ಥೆಯಿರುವ ಕಡೆಯಲ್ಲೇ ನಡೆಯಬೇಕು.