ಬೀಳ್ಕೊಡುವ ದಿನ

ಮಹಾಪ್ರಸ್ಥಾನದಲ್ಲಿ ಧರ್ಮರಾಯನು ಜೊತೆಗೆ ಬಂದ ನಾಯಿಯನ್ನು ತೊರೆದು ಸ್ವರ್ಗವೇರಲು ಒಪ್ಪಲಿಲ್ಲ. ಹಾಗಿರುವಾಗ, ನರಳುವ ನಾಯಿಗೆ ನಾವೇ ಸಾವನ್ನು ಬರಮಾಡುವುದು ದ್ರೋಹವಲ್ಲವೇ? 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ವಾಸಿಯಾಗದ ಬೇನೆಯಿಂದ ಒದ್ದಾಡುತ್ತಿದ್ದಾಗ ಗಾಂಧೀಜಿಯವರು ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಯಾತನೆಯನ್ನು ಮುಗಿಸಿದರು. ಅದೂ ಅಹಿಂಸೆಯೇ ಎಂದು ವಾದಿಸಿದರು. ಅನೇಕರು ಕೆರಳಿದರು.

ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದ ಕುಣಿಗಲ್ ನಮ್ಮ ನೆರೆಯದು. ಕಾಲಿನ ಮೂಳೆ ಚೂರಾದ ಕುದುರೆಯ ವಿಷಯದಲ್ಲಿ ನಿರ್ಧಾರವು ಒಂದು ಗಳಿಗೆಯದು. ಮುಪ್ಪಿನ ನಾಯಿಯಾದರೋ ದಿನದಿನಕ್ಕೆ ಕುಗ್ಗುತ್ತದೆ. ಇಂಥ ದಿನವೆಂದು ಹೇಳುವವರಿಲ್ಲ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟರು: ನೋವು, ಹಸಿವು, ನೀರು, ಶುಚಿ, ಉಲ್ಲಾಸ, ನಡಿಗೆ, ಏಳನೆಯದಾಗಿ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬ ಲೆಕ್ಕ.

ತುಮಕೂರಿನ ನಮ್ಮ ಮನೆಯಲ್ಲಿ 13 ವರ್ಷ ಬಾಳಿದ ನಾಯಿಗಾಗಿ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಗಳನ್ನು ಗುರುತಿಸುತ್ತಿದ್ದೆ. ಮೂರು ವಾರಗಳಲ್ಲಿ ನಾಲ್ಕೇ ಗುರುತುಗಳು ಬಿದ್ದವು. ಮನಸ್ಸು ಇನ್ನೊಂದು ವಾರ ಬೇಡಿತು. ಆ ವಾರ ಬೇಕಾಗಿದ್ದುದು ನನಗೆ, ಅದಕ್ಕಲ್ಲ. ವೈದ್ಯರು ಅರಿವಳಿಕೆಯ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಮೊದಲು ಎಚ್ಚರ ಹೋಗಿ, ಆಮೇಲೆ ಉಸಿರು ನಿಲ್ಲುತ್ತದೆ. ಧರ್ಮರಾಯನು ಬಿಡಲೊಲ್ಲದೆ ಉಳಿಸಿಕೊಂಡದ್ದು ಜೊತೆಯನ್ನು. ಆ ಹೊತ್ತಿನಲ್ಲಿ ತಲೆಯ ಮೇಲೆ ಕೈಯಿಟ್ಟು ಕುಳಿತವನು ನಾಯಿಯನ್ನು ತೊರೆದವನಲ್ಲ.